ಕಿವಿ ಮುಟ್ಟುವ ವಿದ್ಯೆ

ನಮ್ಮ ಗಿರಿಜೆ ಶಿಶುವಿಹಾರಕ್ಕೆ ಸೇರಿದಳು!

ಗುಂಡ್ಲುಪೇಟೆಯಲ್ಲಿ ಈ ಸುದ್ದಿ ಇನ್ನೂ ಯಾರಿಗಾದರೂ ಗೊತ್ತಿಲ್ಲವೆಂದರೆ ಅವರು ಊರಲ್ಲೇ ಇಲ್ಲ ಎಂದು ತಿಳಿಯಬೇಕು. ನಾನೇ ಖುದ್ದಾಗಿ ಸಂತೆಯಲ್ಲಿ ಹೇಳಿದ್ದೇನೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ ಎರಡು ಸಲ ಹೇಳಿದ್ದೇನೆ. ಚಾಮರಾಜನಗರದಿಂದ ಬಂದಿಳಿದ ಒಬ್ಬ ಗುರುತಿಲ್ಲದ ಯಜಮಾನರಿಗೂ ಪೂರ್ತಿ ವಿವರ ಕೊಟ್ಟೆ. ಪಾಪ, ಅವರು ಊಟಿ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ್ದರು ಅಷ್ಟೆ. ನಾನು ಹೇಳಿ ಮುಗಿಸುವ ಹೊತ್ತಿಗೆ ಬಸ್ಸು ಹೋಗಿತ್ತು!

ಗಿರಿಜೆ ನನ್ನ ಮಗನ ಮಗಳು. ನಾಲ್ಕು ವರ್ಷದವಳು. ನಾನು ಬೆಲ್ಲದಂಗಡಿ ಮಾದಪ್ಪ. ಓದಿದ್ದು ಮೂರನೇ ಕ್ಲಾಸು. ಅದರಲ್ಲಿ ಎರಡನೇ ಕ್ಲಾಸನ್ನು ಎರಡು ಸಲ ಓದಿದ್ದರಿಂದ ಒಟ್ಟು ನಾಲ್ಕು ವರ್ಷದ ವಿದ್ಯಾಭ್ಯಾಸ ಎಂದು ಹೇಳಿಕೊಳ್ಳಲು ನನಗೆ ಹಕ್ಕಿದೆ. ಮಗುವನ್ನು ಶಿಶುವಿಹಾರಕ್ಕೆ ಸೇರಿಸಿದವನು ನಾನೇ. ಸೇರದ ಹಾಗೆ ಮಾಡಲು ಒಂದು ತಿಂಗಳು ಬೆವರು ಸುರಿಸಿ ದುಡಿದವನೂ ನಾನೇ! ಅದನ್ನೇ ಈಗ ಹೇಳುತ್ತಿದ್ದೇನೆ.

ನನ್ನ ಸೊಸೆ ರಾಜಮ್ಮ ಹರವೆ ಕಡೆಯ ಹೆಣ್ಣು. ಎಲ್.ಎಸ್., ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ, ಪಾಸು ಮಾಡಿದವಳು. ನಮ್ಮ ಮನೆಯಲ್ಲಿ ಕಾಗದ ಬಂದರೆ ಓದುವವಳು ಅವಳು, ಓದಿಸಿಕೊಂಡು ತಲೆಯಾಡಿಸುವವನು ನಾನು. ಅವಳು ಚಾಮರಾಜನಗರಕ್ಕೆ ಹೋಗಿ ದೊಡ್ಡವರ ಎದುರು ಕೂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಬಂದಳು. ಭೀಮನಬೀಡಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿಬಿಟ್ಟಿತು. ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಬಸ್ಸಿಗೆ ಬರುವುದು. ನಮ್ಮ ವಂಶದಲ್ಲಿ ಸ್ಕೂಲಿಗೆ ಹೋಗಿ ಏಟು ತಿಂದವರಿದ್ದರು, ಪಾಠ ಹೇಳಲು ಹೋದವರು ಇವಳೇ ಮೊದಲು.

ಆದರೆ ಮಗುವನ್ನು ನೋಡಿಕೊಳ್ಳುವವರು ಯಾರು? ನನ್ನ ಹೆಂಡತಿ ಶಿವಮ್ಮನಿಗೆ ಎರಡು ಹಸು, ಒಂದು ಎಮ್ಮೆ, ಮತ್ತು ನೋಯುವ ಮಂಡಿ. ಮಗ ಮಹದೇವ ಬೆಳಗಾದರೆ ಹೊಲಕ್ಕೆ ಹೋಗುವವನು.

"ನಾನಿಲ್ವ? ಅಂಗಡೀಲಿ ಕೂರಿಸ್ಕಂಡು ಯಾಪಾರನೂ ಮಾಡ್ತಿನಿ, ಮಗೀನೂ ನೋಡ್ಕತಿನಿ" ಎಂದೆ.

ಅವಳ ಕೆಲಸ ಶುರುವಾಗುವ ಮೊದಲೇ, ಅಭ್ಯಾಸಕ್ಕೆಂದು, ಮೂರು ದಿನ ನೋಡಿಕೊಂಡೆ. ಮೂರನೆಯ ದಿನ ಒಬ್ಬರಿಗೆ ಬೆಲ್ಲ ತೂಗಿ ತಲೆಯೆತ್ತಿದರೆ ಮಗು ಇಲ್ಲ! ಬೀದಿಗೆ ಓಡಿದೆ. ಎದುರಿನಿಂದ ಒಬ್ಬ ಮಲಯಾಳಿ ಲಾರಿ ಡ್ರೈವರು ಗಿರಿಜೆಯನ್ನು ಎತ್ತಿಕೊಂಡು ಬರುತ್ತಿದ್ದ. ಊಟಿ ರಸ್ತೆಯ ನಟ್ಟನಡುವೆ ನಿಂತು ಲಾರಿಗೆ ಕೈಯೊಡ್ಡಿ "ನಿಲ್ಲು" ಅಂದಿದ್ದಳಂತೆ. ಲಾರಿ ನಿಂತಿತ್ತು, ನನ್ನ ಪುಣ್ಯ. ಅವನು ತನ್ನ ಭಾಷೆಯಲ್ಲಿ ನನ್ನನ್ನು ಬಹಳ ಹೊತ್ತು ಬೈದ. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಎಲ್ಲವೂ ಸರಿ ಅನ್ನಿಸಿತು.

ಅವತ್ತು ರಾಜಮ್ಮ ಅಳಲಿಲ್ಲ, ಜಗಳವಾಡಲಿಲ್ಲ. "ಮಾವಯ್ಯ, ಸೋಮವಾರದೊಳಗ ಮಗೀಗ ಒಂದ್ ಜಾಗ ಆದ್ರ ಸರಿ. ಇಲ್ದಿದ್ರ ಆ ಕೆಲ್ಸ ಬ್ಯಾಡ ಅಂತ ಬರ್ದು ಆಕ್ಬುಡ್ತಿನಿ" ಎಂದಳು. ಅಷ್ಟೇ ಹೇಳಿ ರೊಟ್ಟಿ ತಟ್ಟಲು ಹೋದಳು. ರೊಟ್ಟಿ ತಟ್ಟುವ ಸದ್ದು ಅವತ್ತು ಸ್ವಲ್ಪ ಜೋರಾಗಿತ್ತು.

ಜಾಗ ಎಲ್ಲಿದೆ ಎನ್ನುವುದು ನಮಗಾಗಲೇ ಗೊತ್ತಿತ್ತು. ಊರಿನ ಹೆಂಗಸರು ಸೇರಿ ಹಳೇ ಛತ್ರದ ಪಡಸಾಲೆಯಲ್ಲಿ ಶಿಶುವಿಹಾರ ತೆರೆಯುವುದಾಗಿ ಒಂದು ತಿಂಗಳ ಹಿಂದೆಯೇ ತಮಟೆ ಹೊಡೆಸಿದ್ದರು. ಮೈಸೂರಿನಿಂದ ತರಬೇತಿಯಾದ ಟೀಚರು, ಆಟ, ಹಾಡು, ಮಧ್ಯಾಹ್ನ ಹಾಲು. ತಿಂಗಳಿಗೆ ನಾಲ್ಕಾಣೆ, ಅದೂ ಇಲ್ಲದವರು ಕೊಡಬೇಕಾಗಿಲ್ಲ. ತಮಟೆಯವನು ಕೊನೆಗೆ ಕೂಗಿದ್ದು ಇದು: "ವಯಸ್ಸು ನೋಡಿ ಸೇರಿಸ್ಕೊಳ್ಳಲಾಗುವುದೂ!"

ವಯಸ್ಸು ನೋಡುವುದೆಂದರೆ ಹೇಗೆ ಎಂದು ನನ್ನನ್ನು ಕೇಳಿ! ನಮ್ಮ ಕಾಲದಲ್ಲಿ ಹುಟ್ಟಿದ ತಾರೀಖು ಯಾರ ಹತ್ತಿರ ಇತ್ತು? ಮೇಷ್ಟ್ರು ಹುಡುಗನನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಸ್ಕೂಲಿಗೆ, ಮುಟ್ಟದಿದ್ದರೆ ಮನೆಗೆ. ನಾನು ಮೊದಲ ವರ್ಷ ಮುಟ್ಟದೆ ವಾಪಸು ಬಂದವನು. ನಮ್ಮಪ್ಪ ದಾರಿಯುದ್ದಕ್ಕೂ ನನ್ನ ಕೈಯನ್ನೇ ನೋಡುತ್ತ, ಕೆಟ್ಟ ಎತ್ತು ಕೊಂಡವರ ಹಾಗೆ ನಿಟ್ಟುಸಿರು ಬಿಡುತ್ತ ಬಂದಿದ್ದರು. ಆ ಅವಮಾನ ನನ್ನ ಮೊಮ್ಮಗಳಿಗೆ ಆಗಕೂಡದು!

ತಮಟೆ ಹೊಡೆದ ಮಾರನೆಯ ದಿನದಿಂದಲೇ ತಾಲೀಮು ಶುರುವಾಯಿತು. ಶಿಶುವಿಹಾರದವರನ್ನು ಒಂದು ಮಾತು ಕೇಳಬಹುದಾಗಿತ್ತು. ಸೊಸೆಯನ್ನು ಕೇಳಬಹುದಾಗಿತ್ತು. ಆದರೆ ಗೊತ್ತಿರುವ ವಿಷಯವನ್ನು ಯಾರಾದರೂ ಕೇಳುತ್ತಾರೆಯೇ?

ಬೆಳಗ್ಗೆ ಎದ್ದ ಕೂಡಲೆ ಮಗುವಿನ ಬಲಗೈಗೆ ಹರಳೆಣ್ಣೆ ತಿಕ್ಕಿ, ಮೆಲ್ಲಗೆ ಎಳೆದು, "ಮುಟ್ಟು ಕಣಮ್ಮಿ, ಕಿವಿ ಮುಟ್ಟು" ಅನ್ನುವುದು. ಮುಟ್ಟಲು ಹೋದದ್ದಕ್ಕೆ ಒಂದು ತುಂಡು ಬೆಲ್ಲ. ಕೈ ಕಿವಿಯಿಂದ ನಾಲ್ಕು ಬೆರಳು ದೂರದಲ್ಲೇ ನಿಂತುಬಿಡುತ್ತಿತ್ತು. ಒಂದು ವಾರ ಎಣ್ಣೆ ತಿಕ್ಕಿದರೂ ಅಷ್ಟೇ. ಕೈ ಉದ್ದವಾಗಲಿಲ್ಲ, ಬೆಲ್ಲದ ಅಚ್ಚು ಗಿಡ್ಡವಾಯಿತು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಕೈ ಕಿವಿಯ ಹತ್ತಿರ ಹೋಗದಿದ್ದರೆ ಕಿವಿಯೇ ಕೈಯ ಹತ್ತಿರ ಬರಲಿ! ತಲೆಯನ್ನು ಕೊಂಚ ಬಲಕ್ಕೆ ವಾಲಿಸಿ, ಹೆಗಲನ್ನು ಕೊಂಚ ಮೇಲೆತ್ತುವುದನ್ನು ಹೇಳಿಕೊಟ್ಟೆ. ಎರಡು ಬೆರಳಿನಷ್ಟು ದಾರಿ ಕಡಿಮೆಯಾಯಿತು. ಇನ್ನೆರಡು ಬೆರಳಿಗೆ ಅಡ್ಡವಾಗಿದ್ದದ್ದು ಅವಳ ಕೂದಲು. ನಮ್ಮ ಗಿರಿಜೆಗೆ ಗುಂಗುರು ಕೂದಲು, ಹುಲ್ಲಿನ ಮೆದೆಯ ಹಾಗೆ ದಟ್ಟ. ಕೈ ಅದನ್ನು ಹತ್ತಿ ಇಳಿಯುವಷ್ಟರಲ್ಲಿ ಸೋತುಹೋಗುತ್ತಿತ್ತು.

ಮೆದೆ ತೆಗೆದರಾಯಿತು!

ಶಿಶುವಿಹಾರಕ್ಕೆ ಹೋಗಬೇಕಾದ ಹಿಂದಿನ ದಿನ ಯಾರಿಗೂ ಹೇಳದೆ ಅವಳನ್ನು ಕ್ಷೌರದ ನಂಜುಂಡನ ಹತ್ತಿರ ಕರೆದುಕೊಂಡು ಹೋದೆ. ಹತ್ತು ನಿಮಿಷದಲ್ಲಿ ತಲೆ ನುಣ್ಣಗಾಯಿತು. ಗಿರಿಜೆ ಎರಡೂ ಕೈಯಲ್ಲಿ ಸವರಿಕೊಂಡು, "ಏ ತಾತ! ನಿನ್ನ ತಲೆ ನಂಗ ಬಂದ್ಬುಡ್ತು!" ಎಂದು ಕುಣಿದಳು. ಅಲ್ಲೇ ನಿಲ್ಲಿಸಿ ಪರೀಕ್ಷೆ ಮಾಡಿದೆ. ತಲೆ ವಾಲಿಸಿದಳು, ಹೆಗಲೆತ್ತಿದಳು, ಕೈ ಹಾಕಿದಳು. ಬೆರಳ ತುದಿ ಕಿವಿಯ ತುದಿಗೆ ತಾಗಿತು! ನನ್ನ ಕಣ್ಣಲ್ಲಿ ನೀರು ಬಂತು.

ಮನೆಗೆ ಹೋದಾಗ ಬೇರೆಯವರ ಕಣ್ಣಲ್ಲೂ ಬಂತು. ರಾಜಮ್ಮ ಮಗುವನ್ನು ನೋಡಿ ಬಾಗಿಲಲ್ಲೇ ಕೂತುಬಿಟ್ಟಳು.

"ಅಯ್ಯೋ, ಮಗೀನ ಕೂದ್ಲು! ಏನ್ ಮಾಡ್ಬುಟ್ರಿ ಮಾವಯ್ಯ!"

"ಬೆಟ್ಟದ ಮಾದಪ್ಪನ ಹರಕೆ ಕಣವ್ವ" ಎಂದೆ, ಥಟ್ಟನೆ.

ಶಿವಮ್ಮ ಒಳಗಿನಿಂದ ಮಂಡಿ ಹಿಡಿದುಕೊಂಡು ಬಂದಳು. "ಯಾವಾಗ ಒತ್ಕಂಡಿದ್ರಿ ಹರಕೆಯ?"

"ಮನಸ್ನಲ್ಲೇ ಒತ್ಕಂಡಿದ್ದಿ."

"ದೇವ್ರಿಗ ಗೊತ್ತಾ?"

ಹರಕೆಯ ಕೂದಲನ್ನು ಬೆಟ್ಟಕ್ಕೆ ಒಯ್ಯದೆ ನಂಜುಂಡನ ಅಂಗಡಿಯಲ್ಲೇ ಗುಡಿಸಿ ಹಾಕಿದ್ದು ಏಕೆ ಎಂದು ಅವಳು ಮುಂದೆ ಕೇಳುವವಳಿದ್ದಳು. ಅಷ್ಟರಲ್ಲಿ ಹಸು ಕೂಗಿತು. ಆ ಹಸುವಿಗೆ ಅವತ್ತು ನಾನೇ ಎರಡು ಹಿಡಿ ಹಿಂಡಿ ಹೆಚ್ಚಿಗೆ ಹಾಕಿದೆ.

ಮಾರನೆಯ ಬೆಳಗ್ಗೆ ವಿಭೂತಿ ಹಚ್ಚಿ, ಒಗೆದ ಪಂಚೆ ಉಟ್ಟು, ಜುಬ್ಬದ ಜೇಬಿಗೆ ಬೆಲ್ಲದ ತುಂಡು ಹಾಕಿಕೊಂಡು ಹೊರಟೆ. ರಾಜಮ್ಮ ಬಾಗಿಲವರೆಗೆ ಬಂದು, "ನಾನೂ ಬತ್ತಿನಿ ಮಾವಯ್ಯ" ಎಂದಳು. "ನೀ ಯಾಕವ್ವ ಬರದು? ಇಂತ ಕೆಲ್ಸ ನಾನು ನೋಡ್ಕತಿನಿ" ಎಂದೆ. ಎಷ್ಟು ದೊಡ್ಡ ಮಾತು!

ಶಿಶುವಿಹಾರದ ಮುಂದೆ ಹತ್ತು ಹನ್ನೆರಡು ಜನ ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದರು. ಹೆಚ್ಚಿನವರು ನನ್ನ ಅಂಗಡಿಯ ಗಿರಾಕಿಗಳೇ. ನನ್ನ ಸರದಿ ಬಂತು. ಟೀಚರು ಕಮಲಮ್ಮ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕನ್ನಡಕ ಹಾಕಿದ್ದರು.

"ಮಗು ಹೆಸರೇನು ತಾತ?"

"ಗಿರಿಜಾ."

"ವಯಸ್ಸೆಷ್ಟು?"

ನಾಲ್ಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ನಾಲ್ಕು ಅಂದರೆ ಬಹಳ ಕಡಿಮೆಯಾಯಿತೇನೋ! ಕಡಿಮೆ ತೂಗಿದರೆ ಗಿರಾಕಿ ಮುಖ ತಿರುಗಿಸುತ್ತಾರೆ, ಒಂದಿಷ್ಟು ಮೇಲೆ ಹಾಕಿದರೆ ನಗುತ್ತಾರೆ. ನಲವತ್ತು ವರ್ಷದ ವ್ಯಾಪಾರ ಕಲಿಸಿದ್ದು ಅದೇ. ಮೇಲೆ ಎರಡು ಹಾಕಿದೆ.

"ಆರು ತುಂಬಿ ಏಳಕ್ಕ ಬಿದ್ದದ ಕಣ್ರವ್ವ."

ಟೀಚರು ಗಿರಿಜೆಯನ್ನು ಮೇಲಿಂದ ಕೆಳಗೆ ನೋಡಿದರು. "ಹಾಗೆ ಕಾಣೋದಿಲ್ಲವಲ್ಲ?"

"ಮೈ ಬಂದಿಲ್ಲ ಅಷ್ಟೆ. ಬೇಕಾದ್ರ ಪರೀಕ್ಷ ಮಾಡ್ಕಳಿ! ಮುಟ್ಟು ಕಣಮ್ಮಿ!"

ಗಿರಿಜೆ ಮುಂದೆ ಬಂದಳು. ತಲೆ ವಾಲಿಸಿದಳು. ಹೆಗಲೆತ್ತಿದಳು. ಕೈ ಹಾಕಿದಳು. ಮುಟ್ಟಿದಳು! ನಾನು ಹಿಂದೆ ತಿರುಗಿ ತಾಯಂದಿರನ್ನೆಲ್ಲ ಒಂದು ಸಲ ನೋಡಿದೆ. ಯಾರೂ ಭೇಷ್ ಅನ್ನಲಿಲ್ಲ. ಟೀಚರು ಪೆನ್ನಿನ ಮುಚ್ಚಳ ಹಾಕಿದರು.

"ತಾತ, ಇದು ಐದು ತುಂಬದ ಮಕ್ಕಳಿಗೆ. ಕಿವಿಗೆ ಕೈ ಮುಟ್ಟಿದರೆ ಆ ಮಗು ದೊಡ್ಡ ಸ್ಕೂಲಿಗೆ ಹೋಗಬೇಕು. ಇಲ್ಲಿ ತೊಗೊಳ್ಳೋ ಹಾಗಿಲ್ಲ."

"ಅಂದ್ರ... ಮುಟ್ಟಬಾರ್ದಾಗಿತ್ತ?"

"ಮುಟ್ಟಬಾರದು."

ಒಂದು ತಿಂಗಳ ಹರಳೆಣ್ಣೆ! ಅರ್ಧ ಅಚ್ಚು ಬೆಲ್ಲ! ಮಗುವಿನ ಕೂದಲು! ಇಷ್ಟೆಲ್ಲ ಖರ್ಚು ಮಾಡಿ ನಾನು ನನ್ನ ಮೊಮ್ಮಗಳನ್ನು ಫೇಲು ಮಾಡಿಸಿದ್ದೆ. ಏನೂ ಮಾಡದೆ ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಅವಳು ಪಾಸಾಗುತ್ತಿದ್ದಳು!

ಸುಳ್ಳು ಹೇಳಿದೆ ಎಂದು ಆಗಲೇ ಒಪ್ಪಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಿಂದೆ ಹನ್ನೆರಡು ಜನ ಗಿರಾಕಿಗಳು! ಒಂದು ಸುಳ್ಳು ಹೇಳಿದವನ ತಕ್ಕಡಿಯನ್ನು ನಾಳೆ ಯಾರು ನಂಬುತ್ತಾರೆ? "ಸರಿ ಬುಡಿ, ದೊಡ್ ಸ್ಕೂಲ್ಗೇ ಸೇರಿಸ್ಬುಡ್ತಿನಿ" ಎಂದು ಗಂಭೀರವಾಗಿ ಹೊರಟೆ.

"ಒಂದೇ ಜಾಗ ಉಳಿದಿರೋದು ತಾತ. ಹನ್ನೆರಡು ಗಂಟೆಗೆ ರಿಜಿಸ್ಟರು ಮುಚ್ಚಿಬಿಡ್ತೀವಿ" ಎಂದು ಟೀಚರು ಹಿಂದಿನಿಂದ ಹೇಳಿದರು. ಅವರಿಗೆ ಆಗಲೇ ಏನೋ ಅನುಮಾನ ಬಂದಿತ್ತು.

ದೊಡ್ಡ ಸ್ಕೂಲಿನ ಹೆಡ್‌ಮೇಷ್ಟ್ರು ಹಳೆಯ ಕಾಲದವರು. "ಆರು ವರ್ಷವೋ? ನೋಡೋಣ" ಎಂದು ಎದ್ದು ಬಂದು, ತುಂಬಿದ ಗಡಿಗೆಯನ್ನು ಸಿಂಬಿಯ ಮೇಲೆ ಕೂರಿಸುವ ಹಾಗೆ ಗಿರಿಜೆಯ ತಲೆಯನ್ನು ಎರಡೂ ಕೈಯಲ್ಲಿ ನೇರವಾಗಿ ಹಿಡಿದರು. "ಈಗ ಮುಟ್ಟು ಮಗು."

ಕೈ ನಾಲ್ಕು ಬೆರಳು ದೂರದಲ್ಲಿ ಗಾಳಿಯಲ್ಲಿ ತಡಕಾಡಿತು.

"ತಲ ಬುಡಿ ಮೇಷ್ಟ್ರೆ!" ಎಂದಳು ಗಿರಿಜೆ. "ವಾಲಿಸ್ಬೇಕು! ತಾತ ಅಂಗೇ ಹೇಳ್ಕೊಟ್ಟಿರದು!"

ಹೆಡ್‌ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಭೂಪಟ ನೋಡಿದೆ. ಅವರು ಮಗುವಿನ ಬಾಯಿ ತೆಗೆಸಿ ಹಲ್ಲು ನೋಡಿದರು.

"ಒಂದು ಹಾಲುಹಲ್ಲೂ ಬಿದ್ದಿಲ್ಲ. ಆರು ವರ್ಷವಂತೆ! ಇಲ್ಲಿ ಹಲ್ಲು ಬಿದ್ದಿರೋದು ನಿಮಗೊಬ್ಬರಿಗೇ ಮಾದಪ್ಪನವರೆ. ಬೇಕಾದರೆ ನಿಮ್ಮನ್ನು ಸೇರಿಸ್ಕೋತೀನಿ."

ಹೀಗೆ ನನ್ನ ಮೊಮ್ಮಗಳು ಒಂದು ಕಡೆ ದೊಡ್ಡವಳಾಗಿ, ಇನ್ನೊಂದು ಕಡೆ ಚಿಕ್ಕವಳಾಗಿ, ಎರಡು ಕಡೆಗೂ ಇಲ್ಲದವಳಾದಳು! ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ರಾಜಮ್ಮನ ಮುಖ ಕಣ್ಣ ಮುಂದೆ ಬಂತು. ನಾನು ಕೈ ಮುಗಿದೆ.

"ಸ್ವಾಮಿ, ಮುಟ್ಟಲ್ಲ ಅಂತ ಒಂದ್ ಚೀಟಿ ಬರ್ಕೊಟ್ಬುಡಿ."

ಹೆಡ್‌ಮೇಷ್ಟ್ರು ಕುರ್ಚಿಯಲ್ಲಿ ಒರಗಿಕೊಂಡು ನಕ್ಕರು. "ಮುಟ್ಟುತ್ತೆ ಅಂತ ಬರೆದುಕೊಡಿ ಎಂದು ಕಾಲಿಗೆ ಬಿದ್ದವರನ್ನ ಕಂಡಿದ್ದೀನಿ. ಮುಟ್ಟೋದಿಲ್ಲ ಅಂತ ಬರೆಸಿಕೊಳ್ಳೋಕೆ ಬಂದವರು ನೀವೇ ಮೊದಲು!" ಆದರೂ ಬರೆದರು. ಒಳ್ಳೆಯ ಅಕ್ಷರ. ನನಗೆ ಬಾಯಿಪಾಠ ಬಂದಿದೆ: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಬಾಲಕಿಯ ಬಲಗೈಯು, ಸದರಿಯವಳ ತಲೆಯನ್ನು ನೇರವಾಗಿ ಹಿಡಿಯಲಾಗಿ, ಸದರಿಯವಳ ಎಡಗಿವಿಯನ್ನು ಮುಟ್ಟತಕ್ಕದ್ದಲ್ಲ."

ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದೆ. ಅರವತ್ತು ದಾಟಿದ ಕಾಲುಗಳು ಓಡಿದ ಬಗೆಯನ್ನು ನೋಡಿ ಬೀದಿಯವರು ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡರಂತೆ. ಓಡುತ್ತಲೇ ಹೊಸ ಪಾಠ ಹೇಳಿದೆ.

"ಈಗ ಅಲ್ಲಿಗ್ ಹೋದ್ಮೇಲ ಕಿವಿ ಮುಟ್ಟಬ್ಯಾಡ ಕಣಮ್ಮಿ."

"ಯಾಕ ತಾತ? ನೀನೇ ಮುಟ್ಟು ಅಂದೆ?"

"ಆಗ ಅಂದೆ. ಈಗ ಬ್ಯಾಡ."

"ಅಂಗಾರ ಬೆಲ್ಲ?"

"ಮುಟ್ಟದೆ ಇದ್ರ ಎರಡ್ ತುಂಡು!"

ಏದುಸಿರು ಬಿಡುತ್ತ ಒಳಗೆ ಹೋಗಿ ಚೀಟಿ ಕೊಟ್ಟೆ. ಟೀಚರು ಓದಿದರು, ಇನ್ನೊಂದು ಸಲ ಓದಿದರು, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. "ಎಲ್ಲಿ, ಬಾ ಮರಿ" ಎಂದು ಗಿರಿಜೆಯನ್ನು ಕರೆದರು.

ಮಗುವಿನ ತಲೆಯಲ್ಲಿ ನನ್ನ ಮಾತಿನ ಕೊನೆಯ ಭಾಗವಷ್ಟೇ ಉಳಿದಿತ್ತು. ಒಂದು ಕಿವಿಗೆ ಒಂದು ತುಂಡು ಎನ್ನುವುದು ಅವಳ ಒಂದು ತಿಂಗಳ ಅನುಭವ. ಎರಡು ತುಂಡಿಗೆ? ಗಿರಿಜೆ ತಲೆ ವಾಲಿಸಿ ಬಲಗೈಯಿಂದ ಎಡಗಿವಿ ಮುಟ್ಟಿದಳು. ಆಮೇಲೆ ಯಾರೂ ಹೇಳಿಕೊಡದೆಯೇ ಆ ಕಡೆಗೆ ವಾಲಿಸಿ ಎಡಗೈಯಿಂದ ಬಲಗಿವಿಯನ್ನೂ ಮುಟ್ಟಿದಳು! ಮುಟ್ಟಿ, ನನ್ನ ಜೇಬಿಗೆ ಕೈ ಹಾಕಿದಳು.

ತಾಯಂದಿರೆಲ್ಲ ಗೊಳ್ಳೆಂದರು. ಆ ಗದ್ದಲಕ್ಕೆ ಒಳಗಿನಿಂದ ಹಾಲಿನ ಪಾತ್ರೆ ಹಿಡಿದುಕೊಂಡು ಖಾತೂನಮ್ಮ ಬಂದಳು. ಅವಳು ನಮ್ಮ ಪಕ್ಕದ ಮನೆಯ ದರ್ಜಿ ಸಾಬರ ಹೆಂಡತಿ. ಶಿಶುವಿಹಾರದಲ್ಲಿ ಹಾಲು ಕಾಯಿಸುವ ಕೆಲಸಕ್ಕೆ ಸೇರಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

"ಅರೆ ಮಾದಪ್ಪಣ್ಣ! ಮಗೂಗೆ ತಲೆ ಯಾಕೆ ಬೋಳಿಸಿದ್ರಿ?"

"ಇವಳಿಗೆ ಆರು ವರ್ಷ ತುಂಬಿದೆಯಂತೆ" ಎಂದರು ಟೀಚರು.

"ಆರಾ!" ಖಾತೂನಮ್ಮ ಪಾತ್ರೆ ಕೆಳಗಿಟ್ಟಳು. "ನಮ್ಮ ಬಾಷಾ ಹುಟ್ಟಿ ಮೂರನೇ ದಿವ್ಸಕ್ಕೆ ಇವ್ಳು ಹುಟ್ಟಿದ್ದು. ಬಿಸಿನೀರು ಕಾಯಿಸ್ಕೊಟ್ಟೋಳು ನಾನೇ. ಬಾಷಾಗೆ ನಾಲ್ಕು ಅಂತ ನೀವೇ ಬರ್ಕೊಂಡಿದ್ದೀರ ಅಲ್ವಾ ಟೀಚರಮ್ಮ? ಮೂರ್ ದಿವ್ಸದಲ್ಲಿ ಇವ್ಳು ಎರಡ್ ವರ್ಷ ಹೆಂಗೆ ಬೆಳೆದ್ಳು?"

ಟೀಚರು ನನ್ನ ಕಡೆ ತಿರುಗಿದರು. ಈಗ ನಗುತ್ತಿರಲಿಲ್ಲ. "ಆರು ಅಂದವರು ನೀವು ತಾತ. ಏನು ಬರೀಲಿ, ನೀವೇ ಹೇಳಿ."

ಗಿರಾಕಿಗಳೆಲ್ಲ ನೋಡುತ್ತಿದ್ದರು. ನೋಡಲಿ ಅನ್ನಿಸಿತು.

"ನಾಲ್ಕು ಕಣ್ರವ್ವ. ನಾ ಸುಳ್ ಹೇಳ್ಬುಟ್ಟಿ. ಮುಟ್ಟಿದ್ರೇ ಸೇರಿಸ್ಕತರ ಅಂದ್ಕಂಡು ಎಣ್ಣ ತಿಕ್ಕಿ, ತಲ ಬೋಳಿಸಿ, ಎಲ್ಲಾ ಮಾಡ್ದಿ. ಮನೇಲಿ ಮಗೀನ ನಾನೇ ನೋಡ್ಕತಿನಿ ಅಂತ ಜಂಬ ಕೊಚ್ಕಂಡಿದ್ದಿ. ನಾ ಬೆಲ್ಲ ತೂಗ್ತಾ ಇದ್ದಾಗ ಈ ಕೂಸು ಲಾರಿ ಮುಂದ ನಿಂತಿತ್ತು. ನನ್ ಕೈಲಿ ಆಗಲ್ಲ ಕಣ್ರವ್ವ. ಇವ್ಳಿಗ ಇಲ್ಲಿ ಜಾಗ ಸಿಗ್ದಿದ್ರ ನನ್ ಸೊಸ ಬಂದ ಕೆಲ್ಸ ಬುಟ್ಬುಡ್ತಳ. ಅವಳು ಬುಡಬಾರ್ದು."

ಯಾರೂ ನಗಲಿಲ್ಲ. ಟೀಚರು ಪೆನ್ನಿನ ಮುಚ್ಚಳ ತೆಗೆದರು. ಗಿರಿಜಾ, ವಯಸ್ಸು ನಾಲ್ಕು. ಬರೆದುಬಿಟ್ಟರು! ಅಷ್ಟರಲ್ಲಿ ಗಿರಿಜೆ ಬಾಷಾನ ಪಕ್ಕ ಹೋಗಿ ಕೂತು, ಜೇಡಿಮಣ್ಣಿನಲ್ಲಿ ಏನೋ ಮಾಡತೊಡಗಿದ್ದಳು. ನನ್ನನ್ನು ಬಿಟ್ಟಿರಲಾರದೆ ಅಳುತ್ತಾಳೆಂದು ನಾನು ಹೊರಗೆ ಕಿಟಕಿಯ ಹತ್ತಿರ ನಿಂತೆ. ಅಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಂತೆ. ಆಗಲೂ ಅಳಲಿಲ್ಲ.

"ತಾತ" ಎಂದು ಒಳಗಿನಿಂದ ಟೀಚರು ಕೂಗಿದರು, "ನೀವು ಅಲ್ಲಿ ನಿಂತರೆ ಮಕ್ಕಳಿಗೆ ಬೆಳಕು ಬರೋದಿಲ್ಲ."

ಸಂಜೆ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು, ಮೇಲೆ ಶಾವಿಗೆ ಪಾಯಸ. ನಾನು ಹೇಳುವ ಮೊದಲೇ ಖಾತೂನಮ್ಮ ಬೇಲಿಯ ಮೇಲಿಂದ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಶಿವಮ್ಮ ನಕ್ಕು ನಕ್ಕು ಮಂಡಿ ನೋವು ಮರೆತಳು. ರಾಜಮ್ಮ ನನ್ನ ತಟ್ಟೆಗೆ ತುಪ್ಪ ಹಾಕಿದಳು. ಒಂದು ಚಮಚವಲ್ಲ, ಮೂರು.

ನಮ್ಮ ಮನೆಯಲ್ಲಿ ಮೊದಲು ಗಂಡಸರ ಊಟ, ಆಮೇಲೆ ಮಗುವಿನದು, ಕೊನೆಗೆ ಹೆಂಗಸರದು. ನಾನು ಮತ್ತು ಮಹದೇವ ಕೂತೆವು. ನಾನು ಮುದ್ದೆ ಮುರಿದೆ.

"ತಾತ, ಬ್ಯಾಡ!" ಗಿರಿಜೆ ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಎಲ್ಲಾರೂ ದುಂಡ್ಗ ಕೂರ್ಬೇಕು. ಎಲ್ಲಾರ್ಗೂ ಬಡ್ಸಾಗಂಟ ಯಾರೂ ತಿನ್ಬಾರ್ದು. ಟೀಚರು ಹೇಳವ್ರ. ಅಜ್ಜಿ ಬಾ! ಅವ್ವ, ನೀನೂ ಕೂತ್ಕ!"

"ನಾನು ಆಮೇಕ ಕೂರ್ತಿನಿ ಕಣಮ್ಮಿ" ಎಂದಳು ರಾಜಮ್ಮ.

"ಊಹೂಂ!"

ಮಹದೇವ ನನ್ನ ಮುಖ ನೋಡಿದ. ನಾನು ಸರಿದು ಜಾಗ ಮಾಡಿದೆ. ಶಿವಮ್ಮ ಕಾಲು ನೀಡಿಕೊಂಡು ಕೂತಳು. ರಾಜಮ್ಮ ಸೆರಗು ಸರಿಮಾಡಿಕೊಂಡು, ನಾಚಿಕೊಂಡು, ಅತ್ತೆಯ ಪಕ್ಕ ಕೂತಳು. ಮದುವೆಯಾಗಿ ಬಂದ ಮೇಲೆ ಅವಳು ನಮ್ಮ ಜೊತೆ ಕೂತು ಉಂಡದ್ದು ಅದೇ ಮೊದಲು. ಸೋಮವಾರ ಬಸ್ಸಿಗೆ ಎಷ್ಟು ಹೊತ್ತಿಗೆ ಏಳಬೇಕು, ಬುತ್ತಿಗೆ ಏನು ಕಟ್ಟಬೇಕು ಎಂದು ಅತ್ತೆ ಸೊಸೆ ಮಾತಾಡಿಕೊಳ್ಳತೊಡಗಿದರು. ನನಗೆ ಎದೆ ತುಂಬಿ ಬಂತು. ಈ ಮನೆಗೆ ನಾನು ಯಜಮಾನ, ಇಷ್ಟೆಲ್ಲ ನನ್ನಿಂದಲೇ ಆಯಿತು ಎಂದುಕೊಂಡು ಮುದ್ದೆಗೆ ಕೈ ಹಾಕಿದೆ.

"ಎಲ್ಲಾರೂ ಕೈ ತೋರ್ಸಿ" ಎಂದಳು ಗಿರಿಜೆ.

ಎಲ್ಲರೂ ತೋರಿಸಿದರು. ಮಹದೇವನದು ಪಾಸು. ಅಜ್ಜಿಯದು ಪಾಸು. ಅವ್ವನದು ಪಾಸು. ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ, ಉಗುರುಗಳನ್ನು ಒಂದೊಂದಾಗಿ ನೋಡಿದಳು.

"ತೊಳ್ಕಂಡ್ ಬಾ ತಾತ."

ಎದ್ದು ಹೋಗಿ ತೊಳೆದುಕೊಂಡು ಬಂದೆ. ನಾಲ್ಕೂ ಜನ ತಟ್ಟೆಯ ಮುಂದೆ ಕೈಕಟ್ಟಿ ನನಗಾಗಿ ಕಾಯುತ್ತಿದ್ದರು. ಸಾರು ಆರುತ್ತಿತ್ತು. ಕೈ ಮುಂದೆ ಚಾಚಿದೆ. ಅವಳು ಮತ್ತೆ ನೋಡಿದಳು.

"ಇನ್ನೊಂದ್ ಸಲ."

ಹೋದೆ.